ಹೇಗೂ ಹೊಟ್ಟೆಯೊಳಗೆ ಹೋಗುತ್ತೀರಲ್ಲ: ತೂಕದ ಆಪರೇಷನ್ ಜೊತೆಗೆ ಪಿತ್ತಕೋಶವನ್ನೂ ತೆಗೆಸಬೇಕೇ?

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮನಸ್ಸು ಮಾಡಿದವರ ಜೊತೆ ಬರುವ ಅಣ್ಣನೋ ಮಾವನೋ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. "ಡಾಕ್ಟರೇ, ಹೇಗೂ ಹೊಟ್ಟೆಯೊಳಗೆ ಹೋಗುತ್ತೀರಲ್ಲ, ಆ ಪಿತ್ತಕೋಶವನ್ನೂ ಒಟ್ಟಿಗೆ ತೆಗೆದುಬಿಡಿ. ನಾಳೆ ಅದರಲ್ಲಿ ಕಲ್ಲಾದರೆ ಮತ್ತೆ ಯಾರು ಆಸ್ಪತ್ರೆಗೆ ಓಡುವುದು?" ಹೀಗೆ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಬೇಗ ತೂಕ ಇಳಿದವರ ಪಿತ್ತಕೋಶದಲ್ಲಿ ಕಲ್ಲಾಗುವುದು ಹೆಚ್ಚು ಎಂಬುದು ನಿಜ. ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಕಡೆಯಿಂದ ನಡುರಾತ್ರಿ ಹೊಟ್ಟೆನೋವಿನ ರೋಗಿಯನ್ನು ಮಂಗಳೂರಿಗೆ ಕರೆದುಕೊಂಡು ಹೋಗುವುದೆಂದರೆ ಏನು ಎಂದು ಈ ಸಭೆಯಲ್ಲಿ ಕುಳಿತಿರುವ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ಈ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಯಾರಿಗೆ ಬೇಕು, ಯಾರಿಗೆ ಬೇಡ, ಯಾರ ವಿಷಯದಲ್ಲಿ ಕೂತು ಮಾತಾಡಬೇಕು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಇದನ್ನು ಯಾರು, ಯಾವಾಗ ತೀರ್ಮಾನಿಸಬೇಕು ಎಂಬುದನ್ನೂ ಹೇಳುತ್ತೇನೆ. ನನಗೆ ಹೆಚ್ಚು ಕಾಳಜಿ ಇರುವುದು ಆ ಕೊನೆಯ ಮಾತಿನ ಬಗ್ಗೆ.

ಮೊದಲು ಅಂಗದ ಪರಿಚಯ. ಪಿತ್ತಕೋಶ ಇರುವುದು ಬಲ ಪಕ್ಕೆಲುಬಿನ ಕೆಳಗೆ, ಯಕೃತ್ತಿನ ಅಡಿಗೆ ಅಂಟಿಕೊಂಡು. ಯಕೃತ್ತು ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ಪಿತ್ತರಸ ತಯಾರಿಸುತ್ತದೆ. ನಾವು ಉಣ್ಣದ ಹೊತ್ತಿನಲ್ಲಿ ಅದರ ಒಂದು ಪಾಲು ಈ ಚೀಲಕ್ಕೆ ಬಂದು, ನೀರಿನಂಶ ಕಳೆದುಕೊಂಡು ಗಟ್ಟಿಯಾಗುತ್ತದೆ. ಚೀಲ ಹಿಡಿಯುವುದು 30ರಿಂದ 50 ಮಿಲಿಲೀಟರ್ ಮಾತ್ರ. ಜಿಡ್ಡಿನ ಆಹಾರ ಜಠರ ದಾಟಿ ಸಣ್ಣಕರುಳಿನ ಮೊದಲ ಭಾಗಕ್ಕೆ ಬಂದೊಡನೆ ಅಲ್ಲಿಂದ ಒಂದು ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ತಲುಪಿದಾಗ ಪಿತ್ತಕೋಶ ಕುಗ್ಗಿ, ಒಳಗಿದ್ದದ್ದನ್ನು ಪಿತ್ತನಾಳದ ಮೂಲಕ ಕರುಳಿಗೆ ಸುರಿಯುತ್ತದೆ. ಈ ಚೀಲ ಇಲ್ಲದೆಯೂ ಬದುಕಬಹುದು. ತೆಗೆದ ಮೇಲೆ ಪಿತ್ತರಸ ನೇರವಾಗಿ ಕರುಳಿಗೆ ಹರಿಯುತ್ತದೆ, ಬಹುಪಾಲು ಜನರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಕೆಲವರಿಗೆ ಮಾತ್ರ ತಿಂಗಳುಗಟ್ಟಲೆ ಭೇದಿಯ ತೊಂದರೆ ಇರುತ್ತದೆ. ಬೈಪಾಸ್ (ಜಠರವನ್ನು ಸಣ್ಣ ಚೀಲದಷ್ಟು ಉಳಿಸಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ತೂಕದ ಆಪರೇಷನ್) ಆದವರಿಗೆ ಮೊದಲೇ ಹೊಟ್ಟೆ ಸಡಿಲವಾಗಿರುವುದುಂಟು. ಅವರಿಗೆ ಇದೂ ಸೇರಿಕೊಂಡರೆ ಕಷ್ಟ.

ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಊರುಗಳಲ್ಲಿ ಈ ಗೊಂದಲ ಬಹಳ. "ಕಲ್ಲು" ಎಂದ ಕೂಡಲೇ ಬಾಳೆದಿಂಡಿನ ರಸ ಕುಡಿಯಲು ಶುರು ಮಾಡುತ್ತಾರೆ. ದಿಂಡಿನ ರಸದ ಮಾತು ಬರುವುದು ಮೂತ್ರಕೋಶದ, ಮೂತ್ರಪಿಂಡದ ಕಲ್ಲಿಗೆ. ಪಿತ್ತಕೋಶದ ಕಲ್ಲು ಬೇರೆ ಜಾಗದ್ದು, ಬೇರೆ ದ್ರವ್ಯದ್ದು. ನೀವು ಕುಡಿದದ್ದು ಪಿತ್ತಕೋಶದೊಳಗೆ ಹೋಗಿ ಅದನ್ನು ತೊಳೆಯುವ ದಾರಿಯೇ ಇಲ್ಲ. ದಿಂಡಿನ ಪಲ್ಯ ಆರೋಗ್ಯಕ್ಕೆ ಒಳ್ಳೆಯದು, ಧಾರಾಳವಾಗಿ ತಿನ್ನಿ. ಪಿತ್ತಕಲ್ಲಿಗೆ ಮದ್ದೆಂದು ನಂಬಿ ಆರು ತಿಂಗಳು ಕಳೆಯಬೇಡಿ.

ಈಗ ಕಲ್ಲು ಏಕಾಗುತ್ತದೆ ಎಂಬುದಕ್ಕೆ ಬರೋಣ. ಒಂದು ಲೋಟ ನೀರಿಗೆ ಸಕ್ಕರೆ ಹಾಕುತ್ತಾ ಹೋಗಿ. ಒಂದು ಹಂತದವರೆಗೆ ಕರಗುತ್ತದೆ, ಆಮೇಲೆ ತಳದಲ್ಲಿ ನಿಲ್ಲುತ್ತದೆ. ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಇರುವುದು ಹೀಗೆಯೇ. ಪಿತ್ತಲವಣಗಳು ಸಾಕಷ್ಟಿದ್ದರೆ ಕರಗಿರುತ್ತದೆ, ಲೆಕ್ಕ ತಪ್ಪಿದರೆ ಹರಳುಗಟ್ಟುತ್ತದೆ. ತೂಕ ಬೇಗ ಇಳಿಯುವಾಗ ಮೂರು ಕೆಡುಕು ಒಟ್ಟಿಗೆ ಸೇರುತ್ತವೆ. ದೇಹ ತನ್ನ ಕೊಬ್ಬನ್ನು ಕರಗಿಸಿಕೊಳ್ಳುವಾಗ ಅದರಲ್ಲಿ ಅಡಗಿದ್ದ ಕೊಲೆಸ್ಟ್ರಾಲ್ ಹೊರಬಂದು ಪಿತ್ತರಸಕ್ಕೆ ಸೇರುತ್ತದೆ. ತಿನ್ನುವುದು ಕಡಿಮೆಯಾಗಿ, ಅದರಲ್ಲೂ ಜಿಡ್ಡು ಕಡಿಮೆಯಾಗಿ, ಪಿತ್ತಕೋಶ ಕುಗ್ಗುವ ಸಂದರ್ಭವೇ ವಿರಳವಾಗುತ್ತದೆ, ರಸ ನಿಂತಲ್ಲೇ ನಿಲ್ಲುತ್ತದೆ. ಬೈಪಾಸ್‌ನಲ್ಲಂತೂ ಆಹಾರ ಸಣ್ಣಕರುಳಿನ ಮೊದಲ ಭಾಗವನ್ನು ಮುಟ್ಟುವುದೇ ಇಲ್ಲ, ಹಾಗಾಗಿ ಆ ಹಾರ್ಮೋನಿನ ಕರೆಯೂ ಕ್ಷೀಣಿಸಬಹುದು. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿಯುವವರಿಗೆ ಕಲ್ಲಿನ ಸಂಭವ ಹೆಚ್ಚು. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳುಗಳಲ್ಲಿ ಇದಕ್ಕಿಂತ ವೇಗವಾಗಿ ಇಳಿಯುವವರು ಬೇಕಾದಷ್ಟು ಜನ ಇದ್ದಾರೆ. ಹೀಗಾಗಿ ಅಪಾಯದ ಕಾಲ ಮುಖ್ಯವಾಗಿ ಮೊದಲ ಆರು ತಿಂಗಳು. ಅದರಿಂದ ಹುಟ್ಟುವ ತೊಂದರೆಗಳು ಹೆಚ್ಚಾಗಿ ಮೊದಲ ಎರಡು ವರ್ಷಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಈ ಅಪಾಯ ಶಸ್ತ್ರಚಿಕಿತ್ಸೆಯವರಿಗೆ ಮಾತ್ರ ಸೀಮಿತವಲ್ಲ ಎಂಬುದನ್ನೂ ನೆನಪಿಡಿ. ಮದುವೆಗೆ ಮುಂಚೆ ಎರಡು ತಿಂಗಳಲ್ಲಿ ಇಳಿಯಬೇಕು ಎಂದು ದಿನಕ್ಕೆ ಎರಡು ಲೋಟ ಜ್ಯೂಸಿನಲ್ಲಿ ಬದುಕುವ ಹೆಣ್ಣುಮಕ್ಕಳಿಗೂ ಇದೇ ಕಲ್ಲು ಆಗುತ್ತದೆ. ಅವರಿಗೆ ಎಚ್ಚರಿಕೆ ಹೇಳುವವರೂ ಇರುವುದಿಲ್ಲ.

ಎಲ್ಲರ ಪಿತ್ತಕೋಶವನ್ನೂ ತೆಗೆದುಬಿಡುವ ಆಲೋಚನೆ ಎಲ್ಲಿಂದ ಬಂತು? ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಮೊದಲು ಯಶಸ್ವಿಯಾಗಿ ಮಾಡಿದ್ದು 1882ರಲ್ಲಿ, ಬರ್ಲಿನ್‌ನಲ್ಲಿ, ಕಾರ್ಲ್ ಲಾಂಗೆನ್‌ಬುಖ್ ಎಂಬ ವೈದ್ಯರು. ತೂಕಕ್ಕಾಗಿ ಜಠರದ ಬೈಪಾಸ್ ಶುರುವಾದದ್ದು 1966ರಲ್ಲಿ, ಅಮೆರಿಕದ ಅಯೋವಾದಲ್ಲಿ, ಎಡ್ವರ್ಡ್ ಮೇಸನ್ ಅವರಿಂದ. ಆ ಕಾಲದಲ್ಲಿ ಎರಡೂ ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಮಾಡುವ ಆಪರೇಷನ್‌ಗಳು. ಭಾರೀ ದೇಹದವರ ಹೊಟ್ಟೆ ಕೊಯ್ದು ಹೊಲಿದ ಮೇಲೆ ಗಾಯ ಕೀವಾಗುವುದು, ಹೊಲಿಗೆ ಸಡಿಲಗೊಂಡು ಹರ್ನಿಯಾ ಆಗುವುದು ಮಾಮೂಲು. ಒಳಗೆ ಕರುಳುಗಳು ಒಂದಕ್ಕೊಂದು ಅಂಟಿಕೊಂಡ ಜಾಗಕ್ಕೆ ಎರಡು ವರ್ಷ ಬಿಟ್ಟು ಮತ್ತೆ ಕತ್ತಿ ಹಾಕುವುದು ನಿಜಕ್ಕೂ ಅಪಾಯದ ಕೆಲಸವಾಗಿತ್ತು. ದಪ್ಪ ಹೊಟ್ಟೆಯಲ್ಲಿ ಸ್ಕ್ಯಾನಿಂಗ್ ಕೂಡ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಅನೇಕ ಶಸ್ತ್ರವೈದ್ಯರು ಕಲ್ಲಿರಲಿ ಇಲ್ಲದಿರಲಿ ಪಿತ್ತಕೋಶವನ್ನು ತೆಗೆದುಬಿಡುತ್ತಿದ್ದರು. ಆ ಕಾಲಕ್ಕೆ ಅದು ಸರಿಯಾದ ತೀರ್ಮಾನವೇ.

ಆಮೇಲೆ ಲ್ಯಾಪರೋಸ್ಕೋಪಿ ಬಂತು. 1985ರಲ್ಲಿ ಜರ್ಮನಿಯಲ್ಲಿ ಎರಿಕ್ ಮ್ಯೂಹೆ, 1987ರಲ್ಲಿ ಫ್ರಾನ್ಸಿನಲ್ಲಿ ಫಿಲಿಪ್ ಮೂರೆ ಸಣ್ಣ ರಂಧ್ರಗಳ ಮೂಲಕ ಪಿತ್ತಕೋಶ ತೆಗೆದು ತೋರಿಸಿದರು. ಮುಂದೆ ತೂಕದ ಆಪರೇಷನ್ ಕೂಡ ಇದೇ ದಾರಿಗೆ ಬಂತು. ಈಗ ಎರಡನೆಯ ಆಪರೇಷನ್ ಎಂದರೆ ನಾಲ್ಕು ಸಣ್ಣ ರಂಧ್ರ, ಎರಡು ದಿನದ ಆಸ್ಪತ್ರೆವಾಸ. ಅದೂ ರೋಗಿ ಮೂವತ್ತು ಕಿಲೋ ಇಳಿದು, ಸಕ್ಕರೆ ಕಾಯಿಲೆ ಹತೋಟಿಗೆ ಬಂದು, ಯಕೃತ್ತಿನ ಕೊಬ್ಬು ಕರಗಿದ ಮೇಲೆ. ಕಾರಣ ಹೋದ ಮೇಲೂ ರೂಢಿ ಉಳಿದುಕೊಂಡರೆ ಅದನ್ನು ಪ್ರಶ್ನಿಸಬೇಕಾಗುತ್ತದೆ.

ಅಂಕಿಗಳನ್ನು ಹೇಳುತ್ತೇನೆ, ನಿಧಾನವಾಗಿ ಕೇಳಿ. ಬೈಪಾಸ್ ಆದ 100 ಜನರಿಗೆ ಯಾವ ಮುನ್ನೆಚ್ಚರಿಕೆಯನ್ನೂ ಕೊಡದೆ ಆರು ತಿಂಗಳ ನಂತರ ಸ್ಕ್ಯಾನ್ ಮಾಡಿದರೆ ಮೂರರಲ್ಲಿ ಒಬ್ಬರಿಗೆ, ಅಂದರೆ ಸುಮಾರು 30ರಿಂದ 35 ಜನರಿಗೆ, ಕಲ್ಲು ಕಾಣಿಸುತ್ತದೆ. ಈ ಅಂಕಿ ಕೇಳಿದ ಕೂಡಲೇ ಜನ ಹೆದರುತ್ತಾರೆ. ಆದರೆ ಅದೇ 100 ಜನರಲ್ಲಿ ನೋವು ಬಂದು ಪಿತ್ತಕೋಶ ತೆಗೆಸಬೇಕಾಗಿ ಬರುವವರು ಸುಮಾರು 7ರಿಂದ 10 ಜನ, ಕೆಲವು ಕಡೆಯ ವರದಿಗಳಲ್ಲಿ 15ರವರೆಗೆ. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಾಣುವುದು ಬೇರೆ, ಕಲ್ಲಿನಿಂದ ಕಾಯಿಲೆ ಬೀಳುವುದು ಬೇರೆ. ಎಲ್ಲರ ಪಿತ್ತಕೋಶವನ್ನೂ ತೆಗೆದರೆ ಆ ಹತ್ತು ಜನರ ಸಲುವಾಗಿ ಉಳಿದ ತೊಂಬತ್ತು ಜನರ ತೊಂದರೆ ಕೊಡದ ಅಂಗವನ್ನು ಕಳೆದಂತಾಗುತ್ತದೆ.

"ಕಳೆದರೆ ಏನು ಹೋಯಿತು, ಅರ್ಧ ಗಂಟೆಯ ಕೆಲಸ" ಎನ್ನುವವರಿದ್ದಾರೆ. ಹೌದು, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹೆಚ್ಚು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಒಳಗೆ ಏನು ಕಾಣಿಸುತ್ತದೆ ಎಂದು ಹೇಳುತ್ತೇನೆ. ತೂಕದ ಆಪರೇಷನ್‌ಗೆ ರಂಧ್ರಗಳನ್ನು ಹಾಕುವುದು ಜಠರದ ಕಡೆಗೆ, ಎಡಭಾಗಕ್ಕೆ ಅನುಕೂಲವಾಗುವಂತೆ. ಪಿತ್ತಕೋಶ ಇರುವುದು ಬಲಕ್ಕೆ. ಅದೇ ರಂಧ್ರಗಳಿಂದ ಅದನ್ನು ಹಿಡಿಯಲು ಹೋದರೆ ಉಪಕರಣದ ಕೋನ ಸರಿಹೋಗುವುದಿಲ್ಲ, ಹಲವೊಮ್ಮೆ ಇನ್ನೊಂದು ರಂಧ್ರ ಬೇಕಾಗುತ್ತದೆ. ಆರೋಗ್ಯವಂತರ ಯಕೃತ್ತು ಕಡುಗೆಂಪು, ಅಂಚು ತೆಳು. ಇವರದು ಹಳದಿ ಮಿಶ್ರಿತ ಬಣ್ಣ, ಅಂಚು ದುಂಡಗೆ ಊದಿಕೊಂಡು ಭಾರವಾಗಿರುತ್ತದೆ. ಮೇಲೆತ್ತಿದರೆ ಜಾರುತ್ತದೆ, ಬಲ ಹಾಕಿದರೆ ಹರಿದು ರಕ್ತ ಬರುತ್ತದೆ. ಅದರ ಅಡಿಯಲ್ಲಿ ಕೊಬ್ಬಿನ ಪದರದೊಳಗೆ ಹುದುಗಿದ ಪಿತ್ತಕೋಶದ ಕೊರಳನ್ನು ಹುಡುಕಿ, ಅಲ್ಲಿಂದ ಹೊರಡುವ ಸಣ್ಣ ನಾಳವನ್ನೂ ರಕ್ತನಾಳವನ್ನೂ ಬೇರೆ ಬೇರೆಯಾಗಿ ಬಿಡಿಸಿ ನೋಡದೆ ಕ್ಲಿಪ್ ಹಾಕುವಂತಿಲ್ಲ. ಸ್ವಲ್ಪ ಪಕ್ಕದಲ್ಲೇ ಮುಖ್ಯ ಪಿತ್ತನಾಳ ಇರುತ್ತದೆ. ಅದಕ್ಕೆ ಪೆಟ್ಟಾಗುವುದು ಅಪರೂಪ, ಸಾಮಾನ್ಯ ಪಿತ್ತಕೋಶದ ಆಪರೇಷನ್‌ಗಳಲ್ಲಿ ಸಾವಿರಕ್ಕೆ ಎರಡರಿಂದ ಐದು. ಆದರೆ ಆದಾಗ ಆ ರೋಗಿಯ ಮುಂದಿನ ಬದುಕೇ ಆಸ್ಪತ್ರೆಗೆ ಗಂಟುಬೀಳಬಹುದು. ಕಾಯಿಲೆಯೇ ಇಲ್ಲದ ಅಂಗವನ್ನು ತೆಗೆಯುವಾಗ ಇಂಥದ್ದು ನಡೆದರೆ ಆ ಮನೆಯವರಿಗೆ ಹೇಳಲು ನನ್ನ ಬಳಿ ಏನೂ ಇರುವುದಿಲ್ಲ.

ಹಾಗಾದರೆ ಯಾರಿಗೆ ಬೇಕು? ಕಲ್ಲಿದ್ದು ನೋವೂ ಇದ್ದವರಿಗೆ ಬೇಕು. ಇದರಲ್ಲಿ ಹೆಚ್ಚು ಚರ್ಚೆಯಿಲ್ಲ. ತೊಡಕು ಏನೆಂದರೆ ನಮ್ಮಲ್ಲಿ ಆ ನೋವನ್ನು ಯಾರೂ ಪಿತ್ತಕೋಶದ ನೋವೆಂದು ಕರೆಯುವುದಿಲ್ಲ, "ಗ್ಯಾಸ್ಟ್ರಿಕ್" ಎನ್ನುತ್ತಾರೆ. ನಾನು ಕೇಳುವುದು ಹೀಗೆ: ಬ್ರಹ್ಮಕಲಶದ ಊಟವೋ ಮದುವೆಯ ಬಿರಿಯಾನಿಯೋ ಆದ ಮೇಲೆ, ರಾತ್ರಿ ಮಲಗಿದ ಹೊತ್ತಿಗೆ ಎದೆಗುಂಡಿಯ ಕೆಳಗೆ ಅಥವಾ ಬಲಪಕ್ಕೆಯಲ್ಲಿ ನೋವು ಬಂದು, ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಡದೆ ಹಿಡಿದು, ಬೆನ್ನಿಗೋ ಬಲ ಹೆಗಲ ಮೂಳೆಯ ಕಡೆಗೋ ಹೋದದ್ದುಂಟೇ? ಕೂತರೂ ಮಲಗಿದರೂ ಸಮಾಧಾನವಾಗದೆ ವಾಂತಿಯಾದದ್ದುಂಟೇ? "ಉಂಟು, ಸೋಡಾ ಕುಡಿದೆ, ಬೆಳಗಿನ ಹೊತ್ತಿಗೆ ಹೋಯಿತು" ಎಂದು ಎಷ್ಟೋ ಜನ ಹೇಳುತ್ತಾರೆ. ಅವರ ಸ್ಕ್ಯಾನಿಂಗ್‌ನಲ್ಲಿ ಕಲ್ಲಿದ್ದರೆ ಅದು ಗ್ಯಾಸ್ಟ್ರಿಕ್ ಆಗಿರಲಿಲ್ಲ. ಅಂಥವರ ಪಿತ್ತಕೋಶವನ್ನು ತೂಕದ ಆಪರೇಷನ್ ಜೊತೆಗೇ ತೆಗೆಯುವುದು ಒಳ್ಳೆಯದು. ಉರಿಯೂತ ತೀವ್ರವಾಗಿದ್ದರೆ ಅದನ್ನು ಮೊದಲೇ ತೆಗೆದು, ತೂಕದ ಆಪರೇಷನ್ ಆಮೇಲೆ ಇಟ್ಟುಕೊಳ್ಳಬೇಕಾಗುತ್ತದೆ.

ಕಲ್ಲೇ ಇಲ್ಲದವರಿಗೆ ಬೇಡ. ಅವರಿಗೆ ಮಾತ್ರೆ ಇದೆ, ಅದಕ್ಕೆ ಬರುತ್ತೇನೆ.

ಮಧ್ಯದಲ್ಲಿ ಉಳಿಯುವವರು ಕಲ್ಲಿದ್ದೂ ನೋವಿಲ್ಲದವರು. ತೂಕದ ಮಾತೇ ಇಲ್ಲದ ಸಾಮಾನ್ಯ ಜನರಲ್ಲಿ ಇಂಥ ಕಲ್ಲುಗಳನ್ನು ನಾವು ಮುಟ್ಟುವುದಿಲ್ಲ. ವರ್ಷಕ್ಕೆ ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ ಅದರಿಂದ ತೊಂದರೆಯಾಗುತ್ತದೆ. ತೂಕ ಇಳಿಯುವವರಲ್ಲಿ ಲೆಕ್ಕ ಬೇರೆ, ಇದ್ದ ಕಲ್ಲು ಚುರುಕಾಗುವ ಸಂಭವ ಹೆಚ್ಚು. ಇವರ ವಿಷಯದಲ್ಲಿ ನನ್ನ ತೀರ್ಮಾನ ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಮಾಡಿಸಿಕೊಳ್ಳುತ್ತಿರುವುದು ಸ್ಲೀವ್ ಆಪರೇಷನ್ನೋ, ಬೈಪಾಸ್ಸೋ?

ಇದು ಏಕೆ ಮುಖ್ಯ ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಪಿತ್ತಕೋಶದ ಕಲ್ಲು ಅಲ್ಲೇ ಇದ್ದರೆ ನೋವು ಕೊಡುತ್ತದೆ. ಜಾರಿ ಮುಖ್ಯ ಪಿತ್ತನಾಳಕ್ಕೆ ಬಿದ್ದರೆ ಕಾಮಾಲೆ, ಸೋಂಕು, ಮೇದೋಜೀರಕ ಗ್ರಂಥಿಯ ಉರಿಯೂತ, ಪ್ರಾಣಕ್ಕೇ ಸಂಚಕಾರ. ಹಾಗೆ ಬಿದ್ದ ಕಲ್ಲನ್ನು ತೆಗೆಯಲು ಇಆರ್‌ಸಿಪಿ ಎಂಬ ವಿಧಾನವಿದೆ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಜಠರ ದಾಟಿ, ಸಣ್ಣಕರುಳಿನ ಮೊದಲ ಭಾಗದಲ್ಲಿ ಪಿತ್ತನಾಳ ತೆರೆದುಕೊಳ್ಳುವ ಸಣ್ಣ ಬಾಯಿಯನ್ನು ಹುಡುಕಿ, ಅದನ್ನು ಹಿಗ್ಗಿಸಿ ಕಲ್ಲನ್ನು ಎಳೆದು ತೆಗೆಯುತ್ತಾರೆ. ಸ್ಲೀವ್‌ನಲ್ಲಿ ಜಠರದ ಒಂದು ಪಾಲನ್ನು ಕತ್ತರಿಸಿ ಕಿರಿದಾದ ಕೊಳವೆಯಂತೆ ಮಾಡಿರುತ್ತೇವೆ, ದಾರಿ ಮಾತ್ರ ಹಳೆಯದೇ. ಹಾಗಾಗಿ ಇಆರ್‌ಸಿಪಿಗೆ ಅಡ್ಡಿಯಿಲ್ಲ. ಬೈಪಾಸ್‌ನಲ್ಲಿ ದಾರಿಯೇ ಬದಲಾಗಿರುತ್ತದೆ. ಸಣ್ಣ ಚೀಲದಂತೆ ಉಳಿಸಿದ ಜಠರವನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸಿರುತ್ತೇವೆ. ಬಾಯಿಂದ ಇಳಿದ ಎಂಡೋಸ್ಕೋಪ್ ಪಿತ್ತನಾಳದ ಬಾಯಿಗೆ ಹೋಗಬೇಕಾದರೆ ಕರುಳಿನಲ್ಲಿ ಬಹಳ ದೂರ ಕೆಳಗೆ ಹೋಗಿ, ಕೂಡುದಾರಿಯಲ್ಲಿ ತಿರುಗಿ, ಮತ್ತೆ ಮೇಲಕ್ಕೆ ಹತ್ತಬೇಕು. ಮಾಮೂಲಿ ಎಂಡೋಸ್ಕೋಪ್ ಅಲ್ಲಿಗೆ ತಲುಪುವುದಿಲ್ಲ. ನಮ್ಮ ದೇಶದಲ್ಲಿ ಹೆಚ್ಚು ನಡೆಯುವ ಮಿನಿ ಬೈಪಾಸ್‌ನಲ್ಲೂ ಇದೇ ತೊಡಕು.

ಉಪ್ಪಳದ ಕಡೆಯ ಒಬ್ಬರು, ಕೊಲ್ಲಿಯಲ್ಲಿ ದುಡಿಯುವವರು, ಬೈಪಾಸ್ ಮಾಡಿಸಿಕೊಂಡು ಮುಂದಿನ ವರ್ಷ ರಜೆಯಲ್ಲಿ ಊರಿಗೆ ಬಂದಿದ್ದರು. ಆಪರೇಷನ್‌ಗೆ ಮುಂಚಿನ ಸ್ಕ್ಯಾನಿಂಗ್‌ನಲ್ಲಿಯೇ ಸಣ್ಣ ಸಣ್ಣ ಕಲ್ಲುಗಳಿದ್ದವು, ನೋವಿಲ್ಲವೆಂದು ಬಿಟ್ಟಿದ್ದರು. ಊರಿನಲ್ಲಿ ಕಣ್ಣು ಹಳದಿಯಾಯಿತು. ಮನೆಯವರು ಕಾಮಾಲೆಯೆಂದು ಕೀಳಾನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಟ್ಟರು, ಪಥ್ಯ ಮಾಡಿಸಿದರು. ಚಳಿಜ್ವರ ಬಂದು ಮೈ ನಡುಗಿದ ಮೇಲೆ ಆಸ್ಪತ್ರೆಗೆ ತಂದರು. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಬಾಯಿಂದ ಹೋಗುವ ದಾರಿ ಇಲ್ಲ. ಲ್ಯಾಪರೋಸ್ಕೋಪಿಯಿಂದ ಹೊಟ್ಟೆಯೊಳಗೆ ಹೋಗಿ, ಬಳಕೆಯಲ್ಲಿಲ್ಲದ ಹಳೆಯ ಜಠರಕ್ಕೆ ಒಂದು ರಂಧ್ರ ಮಾಡಿ, ಅದರ ಮೂಲಕ ಎಂಡೋಸ್ಕೋಪ್ ತೂರಿಸಿ ಕಲ್ಲು ತೆಗೆಯಬೇಕಾಯಿತು. ಶಸ್ತ್ರವೈದ್ಯರು, ಎಂಡೋಸ್ಕೋಪಿ ತಜ್ಞರು ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ಬೇಕು. ಪಿತ್ತಕೋಶವನ್ನೂ ಅದೇ ಸಲ ತೆಗೆದೆವು. ಅವರು ಗುಣವಾಗಿ ಕೆಲಸಕ್ಕೆ ಮರಳಿದರು. ಇಂಥ ವ್ಯವಸ್ಥೆ ಎಲ್ಲ ಊರುಗಳಲ್ಲಿ ಇರುವುದಿಲ್ಲ ಎಂಬುದನ್ನು ಮರೆಯಬೇಡಿ.

ಹಾಗಾಗಿ ಬೈಪಾಸ್ ಮಾಡಿಸಿಕೊಳ್ಳುವವರಲ್ಲಿ ಕಲ್ಲು ಇದ್ದು, ಅದರಲ್ಲೂ ಸುಲಭವಾಗಿ ಜಾರುವಂಥ ಸಣ್ಣ ಕಲ್ಲುಗಳಿದ್ದರೆ, ನೋವಿಲ್ಲದಿದ್ದರೂ ಒಟ್ಟಿಗೆ ತೆಗೆಸಿಕೊಳ್ಳಿ ಎಂದೇ ನಾನು ಸಲಹೆ ಕೊಡುತ್ತೇನೆ. ಎಲ್ಲ ಶಸ್ತ್ರವೈದ್ಯರೂ ಒಪ್ಪುವ ಮಾತಲ್ಲ ಇದು. ಕಾದು ನೋಡುವವರ ವಾದದಲ್ಲೂ ಹುರುಳಿದೆ. ಆದರೆ ದೊಡ್ಡ ನಗರದಲ್ಲಿ ಕುಳಿತು ಕಾಯುವುದಕ್ಕೂ ಇಲ್ಲಿ ಕುಳಿತು ಕಾಯುವುದಕ್ಕೂ ವ್ಯತ್ಯಾಸವಿದೆ. ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರ್, ಮಧ್ಯದಲ್ಲಿ ತಲಪಾಡಿಯ ಕೇರಳ-ಕರ್ನಾಟಕ ಗಡಿ. 2020ರ ಮಾರ್ಚ್ ಕೊನೆಯಲ್ಲಿ ಆ ಗಡಿಯನ್ನು ಮುಚ್ಚಿದಾಗ ಏನಾಯಿತು ಎಂಬುದನ್ನು ನೀವೆಲ್ಲ ನೋಡಿದ್ದೀರಿ. ರಸ್ತೆಗೆ ಮಣ್ಣು ಸುರಿದಿದ್ದರು, ಆಂಬ್ಯುಲೆನ್ಸ್‌ಗಳು ಹಿಂದಿರುಗಿದವು, ತಲುಪಬೇಕಾದ ಆಸ್ಪತ್ರೆ ತಲುಪಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತರು. ನ್ಯಾಯಾಲಯದವರೆಗೆ ಹೋಗಬೇಕಾಯಿತು. ಆ ದಿನಗಳನ್ನು ನೋಡಿದ ನನಗೆ, ಗಡಿಯಾಚೆಯ ತಜ್ಞರನ್ನೇ ನಂಬಿಕೊಂಡಿರುವ ರೋಗಿಯ ಹೊಟ್ಟೆಯಲ್ಲಿ ಜಾರಬಲ್ಲ ಕಲ್ಲುಗಳನ್ನು ಬಿಟ್ಟು ಕಳಿಸಲು ಮನಸ್ಸು ಒಪ್ಪುವುದಿಲ್ಲ. ಸ್ಲೀವ್ ಆದವರಲ್ಲಿ ಹಾಗಲ್ಲ. ಅವರಲ್ಲಿ ನೋವಿಲ್ಲದ ಕಲ್ಲನ್ನು ಬಿಟ್ಟು ಕಾಯಬಹುದು.

ಒಟ್ಟಿಗೆ ತೆಗೆಯುವುದೆಂದು ತೀರ್ಮಾನವಾದರೂ ಒಂದು ಷರತ್ತು. ನಾವು ಮೊದಲು ತೂಕದ ಆಪರೇಷನ್ ಮುಗಿಸುತ್ತೇವೆ. ಅದು ಸುಸೂತ್ರವಾಗಿ ಆಗಿ, ಅರಿವಳಿಕೆ ತಜ್ಞರು ರೋಗಿಯ ಸ್ಥಿತಿ ಚೆನ್ನಾಗಿದೆ ಎಂದರೆ ಮಾತ್ರ ಪಿತ್ತಕೋಶಕ್ಕೆ ಕೈಹಾಕುತ್ತೇವೆ. ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸುತ್ತೇವೆ. ಆಪರೇಷನ್‌ಗೆ ಎರಡು ವಾರ ಮುಂಚೆ ಕೊಡುವ ಕಡಿಮೆ ಕ್ಯಾಲರಿಯ ಪಥ್ಯವನ್ನು ಕಟ್ಟುನಿಟ್ಟಾಗಿ ಮಾಡಿ. ಯಕೃತ್ತು ಎಷ್ಟು ಕುಗ್ಗುತ್ತದೋ ನಮ್ಮ ಕೆಲಸ ಅಷ್ಟು ಸುರಕ್ಷಿತ.

ಇನ್ನು ಮಾತ್ರೆ. ಅರ್ಸೊಡಿಯಾಕ್ಸಿಕೋಲಿಕ್ ಆಮ್ಲ ಎಂದು ಹೆಸರು. ಪಿತ್ತರಸದಲ್ಲಿ ಕೊಲೆಸ್ಟ್ರಾಲ್ ಹರಳುಗಟ್ಟದಂತೆ ನೋಡಿಕೊಳ್ಳುತ್ತದೆ. 1995ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೈಪಾಸ್ ಆದವರಿಗೆ ದಿನಕ್ಕೆ 600 ಮಿಲಿಗ್ರಾಂನಂತೆ ಆರು ತಿಂಗಳು ಕೊಟ್ಟಾಗ ಕಲ್ಲಾದದ್ದು ಶೇಕಡಾ 2 ಜನರಿಗೆ, ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ಶೇಕಡಾ 32. 2021ರಲ್ಲಿ ನೆದರ್ಲೆಂಡ್ಸ್‌ನವರು ಇನ್ನೂ ಗಟ್ಟಿಯಾದ ಪ್ರಶ್ನೆ ಕೇಳಿದರು: ಸ್ಕ್ಯಾನಿಂಗ್‌ನ ಕಲ್ಲು ಬಿಡಿ, ನೋವು ಕೊಡುವ ಕಾಯಿಲೆ ಕಡಿಮೆಯಾಗುತ್ತದೆಯೇ? ದಿನಕ್ಕೆ 900 ಮಿಲಿಗ್ರಾಂ, ಆರು ತಿಂಗಳು. ಎರಡು ವರ್ಷಗಳಲ್ಲಿ ಶೇಕಡಾ 9.7 ಇದ್ದದ್ದು 6.5ಕ್ಕೆ ಇಳಿಯಿತು. 1995ರ ಅಂಕಿಯಷ್ಟು ಕಣ್ಣು ಕುಕ್ಕುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಇದಕ್ಕೇ ಹೆಚ್ಚು ಬೆಲೆ, ಏಕೆಂದರೆ ರೋಗಿ ಅನುಭವಿಸುವುದು ನೋವನ್ನು. ಅಮೆರಿಕದ ತಜ್ಞ ಸಂಘಗಳು 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಲೀವ್ ಆದವರಿಗೆ ದಿನಕ್ಕೊಮ್ಮೆ 500 ಮಿಲಿಗ್ರಾಂ, ಬೈಪಾಸ್ ಆದವರಿಗೆ 300 ಮಿಲಿಗ್ರಾಂ ದಿನಕ್ಕೆರಡು ಬಾರಿ ಎಂದು ಹೇಳುತ್ತದೆ. ನಿಮಗೆ ಎಷ್ಟು ಎಂಬುದನ್ನು ನಿಮ್ಮ ವೈದ್ಯರು ಬರೆದುಕೊಡುತ್ತಾರೆ, ಅಂಗಡಿಯಿಂದ ನೀವೇ ತಂದು ನುಂಗಬೇಡಿ.

ಈ ಔಷಧ ಮೊದಲು ಪತ್ತೆಯಾದದ್ದು ಕರಡಿಯ ಪಿತ್ತರಸದಲ್ಲಿ. ಈಗ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಆದರೆ ಹೆಚ್ಚಿನದಕ್ಕೆ ಮೂಲವಸ್ತು ಜಾನುವಾರುಗಳ ಪಿತ್ತರಸ. ಸಸ್ಯಾಹಾರಿ ಮನೆಗಳವರು ಇದನ್ನು ಕೇಳುತ್ತಾರೆ, ಕೇಳಿದಾಗ ನಾನು ಮುಚ್ಚಿಡುವುದಿಲ್ಲ. ತಿಳಿದ ಮೇಲೂ ತೆಗೆದುಕೊಳ್ಳುವವರಿದ್ದಾರೆ, ಬೇಡವೆನ್ನುವವರಿದ್ದಾರೆ. ಬೇಡವೆಂದವರನ್ನು ನೋವು ಬಂದ ಕೂಡಲೇ ಬನ್ನಿ ಎಂದು ಹೇಳಿ ಹೆಚ್ಚು ನಿಗಾ ಇಟ್ಟು ನೋಡಿಕೊಳ್ಳುತ್ತೇವೆ.

ಮಾತ್ರೆಯ ದೊಡ್ಡ ತೊಂದರೆ ಎಂದರೆ ಜನ ಅದನ್ನು ನಡುವೆ ಬಿಟ್ಟುಬಿಡುವುದು. ಪೆರ್ಲದ ಹತ್ತಿರದ ಒಬ್ಬ ಶಾಲಾ ಶಿಕ್ಷಕಿ ಸ್ಲೀವ್ ಮಾಡಿಸಿಕೊಂಡರು. ಕಲ್ಲಿರಲಿಲ್ಲ. ಅವರ ಅತ್ತೆ, ತಮ್ಮ ಸ್ವಂತ ಪಿತ್ತಕೋಶದ ಆಪರೇಷನ್‌ನಲ್ಲಿ ಬಹಳ ನೊಂದವರು, ಸೊಸೆಗೂ ಆ ಗತಿ ಬಾರದಿರಲೆಂದು ಒಟ್ಟಿಗೆ ತೆಗೆಸಲು ಒತ್ತಾಯಿಸಿದರು. ಪ್ರೀತಿಯಿಂದಲೇ ಹೇಳಿದ ಮಾತು ಅದು. ಶಿಕ್ಷಕಿ ಎಲ್ಲ ಕೇಳಿಸಿಕೊಂಡು, "ಕೆಲಸ ಮಾಡುತ್ತಿರುವುದನ್ನು ಯಾಕೆ ತೆಗೆಯಬೇಕು ಅತ್ತೆ" ಎಂದು ಬೇಡವೆಂದರು. ಮೂರು ತಿಂಗಳು ಮಾತ್ರೆ ತೆಗೆದುಕೊಂಡರು, ವಾಕರಿಕೆ ಬರುತ್ತದೆಂದು ಬಿಟ್ಟರು, ನಮಗೆ ಹೇಳಲಿಲ್ಲ. ವರ್ಷದ ಸ್ಕ್ಯಾನಿಂಗ್‌ನಲ್ಲಿ ಎರಡು ಕಲ್ಲು ಕಂಡವು. ನೋವಿಲ್ಲ. ಅತ್ತೆ "ನಾನು ಹೇಳಿರಲಿಲ್ಲವೇ" ಎಂದರಂತೆ. ಆದರೂ ಪಿತ್ತಕೋಶವನ್ನು ಹಾಗೆಯೇ ಬಿಟ್ಟಿದ್ದೇವೆ, ಅವರು ಚೆನ್ನಾಗಿದ್ದಾರೆ. ವಾಕರಿಕೆಯಾದರೆ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿ ನೋಡಬಹುದು. ದಯವಿಟ್ಟು ಫೋನು ಮಾಡಿ ಕೇಳಿ.

ಈಗ, ಯಾರು ಯಾವಾಗ ತೀರ್ಮಾನಿಸಬೇಕು ಎಂಬ ಮಾತು. ಆಪರೇಷನ್ ನಡೆಯುತ್ತಿರುವಾಗ ವೈದ್ಯರು ಹೊರಗೆ ಬಂದು, ಬಾಗಿಲ ಬಳಿ ಕಾಯುತ್ತಿರುವವರನ್ನು "ಪಿತ್ತಕೋಶದಲ್ಲೂ ಕಲ್ಲಿರುವಂತಿದೆ, ತೆಗೆಯಲೇ?" ಎಂದು ಕೇಳುವ ಪದ್ಧತಿ ನಮ್ಮಲ್ಲಿ ಇದೆ. ಗಾಬರಿಯಲ್ಲಿರುವ ಗಂಡನೋ ಅಣ್ಣನೋ "ನಿಮಗೆ ಸರಿ ಕಂಡಂತೆ ಮಾಡಿ" ಎನ್ನುತ್ತಾರೆ. ಬೇರೇನು ಹೇಳಿಯಾರು? 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ತೀರ್ಪು ಕೊಟ್ಟಿತು. ಲ್ಯಾಪರೋಸ್ಕೋಪಿ ಪರೀಕ್ಷೆಗೆಂದು ಒಪ್ಪಿಗೆ ಕೊಟ್ಟ ಮಹಿಳೆ ಅರಿವಳಿಕೆಯಲ್ಲಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದ ಪ್ರಕರಣ ಅದು. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ, ಎಚ್ಚರವಾದ ಮೇಲೆ ತಾನೇ ತೀರ್ಮಾನಿಸಬಲ್ಲ ವಯಸ್ಕ ರೋಗಿಯ ಪರವಾಗಿ ಬೇರೆಯವರು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ನ್ಯಾಯಾಲಯ ಹೇಳಿತು. ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲುವುದಿಲ್ಲ ಎಂದೂ ಹೇಳಿತು. ಪಿತ್ತಕೋಶಕ್ಕೂ ಅದೇ ನ್ಯಾಯ. ಮುಂಚೆಯೇ ಕೂತು ಮಾತಾಡಿ, "ಕಲ್ಲು ಕಂಡರೆ ತೆಗೆಯಬಹುದು" ಅಥವಾ "ಕಂಡರೂ ತೆಗೆಯಬೇಡಿ" ಎಂದು ಒಪ್ಪಿಗೆ ಪತ್ರದಲ್ಲಿ ಬರೆಸಿ.

ಆ ಪತ್ರ ಯಾವ ಭಾಷೆಯಲ್ಲಿರುತ್ತದೆ ಎಂಬುದು ನಮ್ಮ ಜಿಲ್ಲೆಯ ಕನ್ನಡಿಗರಿಗೆ ಸಣ್ಣ ವಿಷಯವಲ್ಲ. ಇತ್ತ ಬಂದರೆ ಮಲಯಾಳ, ಅತ್ತ ಹೋದರೆ ಬಹಳ ಕಡೆ ಇಂಗ್ಲಿಷ್. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಅಕ್ಕಂದಿರು, ಅಮ್ಮಂದಿರು ಓದಲು ಬಾರದ ಹಾಳೆಗೆ ಸಹಿ ಹಾಕಿ ಒಳಗೆ ಹೋಗುತ್ತಾರೆ. ನನಗೆ ಇದು ಸಹಿಸಲಾಗದ ಸಂಗತಿ. ನಾಚಿಕೊಳ್ಳಬೇಡಿ. "ನನಗೆ ಇದನ್ನು ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಸಹಿ ಹಾಕುತ್ತೇನೆ" ಎನ್ನಿ. ಅದು ನಿಮ್ಮ ಹಕ್ಕು. ಹಿಂದಿನ ದಿನವೇ ಕೇಳಿ, ಸ್ಟ್ರೆಚರ್ ಮೇಲೆ ಮಲಗಿದ ಮೇಲೆ ಕೇಳಲು ಧೈರ್ಯ ಬರುವುದಿಲ್ಲ.

ವಿಮೆ ಇರುವವರಿಗೆ ಒಂದು ಮಾತು: ಮುಂಗಡ ಅನುಮತಿಯ ಅರ್ಜಿಯಲ್ಲಿ ಎರಡೂ ಆಪರೇಷನ್‌ಗಳ ಹೆಸರು ಇರಲಿ. ಪಿತ್ತಕಲ್ಲಿಗೆ ಪ್ರತ್ಯೇಕ ಕಾಯುವ ಅವಧಿ ಇಟ್ಟ ಪಾಲಿಸಿಗಳಿವೆ, ಓದಿ ನೋಡಿ.

ಪಿತ್ತಕೋಶ ಉಳಿಸಿಕೊಂಡವರು ಎಚ್ಚರ ವಹಿಸಬೇಕಾದ ಲಕ್ಷಣಗಳು ಇಷ್ಟು. ಊಟದ ನಂತರ ಬಂದು ಅರ್ಧ ಗಂಟೆಗೂ ಹೆಚ್ಚು ಉಳಿಯುವ ಮೇಲುಹೊಟ್ಟೆಯ ನೋವು, ನೋವಿನ ಜೊತೆ ಜ್ವರ, ಕಣ್ಣು ಅಥವಾ ಮೂತ್ರ ಹಳದಿಯಾಗುವುದು, ಮಲ ಬಿಳಿಚಿಕೊಳ್ಳುವುದು. ಹಳದಿ ಕಂಡರೆ ಕೀಳಾನೆಲ್ಲಿ ಹುಡುಕಿಕೊಂಡು ಹೋಗಬೇಡಿ, ಅದೇ ದಿನ ರಕ್ತಪರೀಕ್ಷೆ, ಸ್ಕ್ಯಾನಿಂಗ್ ಮಾಡಿಸಿ. ಬೈಪಾಸ್ ಆದವರ ತೀವ್ರ ಹೊಟ್ಟೆನೋವು ಪಿತ್ತಕೋಶದ್ದೇ ಎಂದುಕೊಳ್ಳುವಂತೆಯೂ ಇಲ್ಲ. ತೂಕ ಇಳಿದ ಮೇಲೆ ಒಳಗಿನ ಸಂದಿಯಲ್ಲಿ ಕರುಳು ತೂರಿ ಸಿಕ್ಕಿಕೊಳ್ಳುವುದುಂಟು. ಆಗ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡಿತೆಂದು ಸಮಾಧಾನಪಟ್ಟು ಕುಳಿತರೆ ಕರುಳು ಸಾಯುತ್ತದೆ. ಹಾಗಾಗಿ ನಿಮಗಾದ ಆಪರೇಷನ್ ಯಾವುದು, ಎಂದು ಆಯಿತು, ಪಿತ್ತಕೋಶ ಇದೆಯೇ ಇಲ್ಲವೇ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆಸಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ಮೊಬೈಲ್‌ನಲ್ಲಿ ಚಿತ್ರವೂ ಇರಲಿ. ಉಪ್ಪಳದವರ ಡಿಸ್ಚಾರ್ಜ್ ಹಾಳೆಯಲ್ಲಿ "ತೂಕದ ಶಸ್ತ್ರಚಿಕಿತ್ಸೆ ಆಗಿದೆ" ಎಂದಷ್ಟೇ ಇತ್ತು. ಯಾವುದು ಎಂದು ತಿಳಿಯಲು ಸಿ.ಟಿ. ಸ್ಕ್ಯಾನ್‌ವರೆಗೆ ಕಾಯಬೇಕಾಯಿತು.

ಕೊನೆಗೆ, ಸಭೆಯಿಂದ ಬಂದ ಎರಡು ಪ್ರಶ್ನೆಗಳು. ತೆಂಗಿನೆಣ್ಣೆ ಬಿಡಬೇಕೇ ಎಂದು ಒಬ್ಬರು ಅಮ್ಮ ಕೇಳಿದ್ದಾರೆ. ಪೂರ್ತಿ ಬಿಡಬೇಕಾಗಿಲ್ಲ. ದಿನದಲ್ಲಿ ಒಂದು ಹೊತ್ತಿಗಾದರೂ ಊಟದಲ್ಲಿ ಸ್ವಲ್ಪ ಜಿಡ್ಡು ಇದ್ದರೆ ಪಿತ್ತಕೋಶ ಖಾಲಿಯಾಗುತ್ತದೆ. ಪಲ್ಯದ ಒಗ್ಗರಣೆಗೆ ಒಂದು ಚಮಚ ಎಣ್ಣೆ ಸಾಕು. ನವರಾತ್ರಿಯ ಉಪವಾಸ, ರಂಜಾನಿನ ಉಪವಾಸ ಮಾಡಬಹುದೇ ಎಂಬುದು ಇನ್ನೊಂದು. ಮೊದಲ ಆರು ತಿಂಗಳು, ಅಂದರೆ ತೂಕ ವೇಗವಾಗಿ ಇಳಿಯುವ ಕಾಲದಲ್ಲಿ, ಬೇಡ. ಆ ಕಾಲದಲ್ಲಿ ನೀರು, ಪ್ರೋಟೀನು ಹೊಟ್ಟೆಗೆ ಹೋಗಿಸುವುದೇ ಕಷ್ಟ, ಮೇಲಿನಿಂದ ಹತ್ತು ಹನ್ನೆರಡು ತಾಸು ಪಿತ್ತರಸ ನಿಂತಲ್ಲೇ ನಿಲ್ಲುತ್ತದೆ. ಕಾಯಿಲೆಯವರಿಗೆ ರಿಯಾಯಿತಿ ಇದೆ ಎಂದು ಎರಡೂ ಕಡೆಯ ಹಿರಿಯರೂ ಹೇಳುತ್ತಾರೆ. ಆಮೇಲಿನ ವರ್ಷಗಳಲ್ಲಿ, ತೂಕ ಒಂದು ಮಟ್ಟಕ್ಕೆ ಬಂದು ನಿಂತ ಮೇಲೆ, ನಿಮ್ಮ ವೈದ್ಯರನ್ನು ಕೇಳಿ ಮಾಡಿ. ಮಾತ್ರೆಯನ್ನು ರಾತ್ರಿಯ ಊಟದ ಜೊತೆಗೆ ಹೊಂದಿಸಿಕೊಳ್ಳಬಹುದು.